ನೆಟ್ಟಗೆ ನೋಡಿದರೆ ಕಾಣದು

ಮೇ ೨೮, ಮಂಗಳವಾರ

ಎಲ್ಡನ್ ಮತ್ತೆ ಒಲೆ ಆರಿಸಿಲ್ಲ. ನಾನೇ ಆರಿಸಿದೆ. ಓಟ್ಸ್ ಗಂಜಿ ತಳ ಹತ್ತಿತ್ತು, ಹಾಗೇ ತಿಂದೆವು. ಆಮೇಲೆ ಎಲ್ಡನ್‌ಗೆ ಗಡಿಯಾರದ ಪಾಠ. ಕಣ್ಣಾಸ್ಪತ್ರೆಯ ಟೀಚರಮ್ಮ ಕಲಿಸಿದ್ದು — ನೋಡಬೇಕಾದ ವಸ್ತು ಗಡಿಯಾರದ ನಡುವೆ ಇದೆ ಅಂದುಕೊಳ್ಳಬೇಕು, ಕಣ್ಣು ಮಾತ್ರ ಮೂರರ ಅಂಕಿಯ ಕಡೆ ಇಡಬೇಕು. ಆಗ ನಡುವಿನದು ಕಾಣುತ್ತದೆ. ಅವನ ದೃಷ್ಟಿಯ ಮಧ್ಯಭಾಗ ಸತ್ತುಹೋಗಿದೆ, ಅಂಚು ಮಾತ್ರ ಉಳಿದಿದೆ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು, ಒಪ್ಪಿದೆ. ಆದರೆ ಗಂಡ ನೆಟ್ಟಗೆ ನನ್ನ ಮುಖವನ್ನೇ ನೋಡುತ್ತಿದ್ದಾನೆ ಅಂದರೆ ನಾನು ಕಾಣುತ್ತಿಲ್ಲ ಅಂತ ಅರ್ಥ. ಕಾಣಬೇಕಾದರೆ ನನ್ನ ಕಿವಿಯಾಚೆ ನೋಡಬೇಕು.

ಪಾಠಕ್ಕೆ ಸಕ್ಕರೆ ಡಬ್ಬಿ ಇಟ್ಟುಕೊಳ್ಳುತ್ತಾನೆ. ಕ್ಯಾಲೆಂಡರು. ಬೆಕ್ಕು. ನನ್ನ ಮುಖ ಇನ್ನೂ ಪಾಠಕ್ಕೆ ಬಂದಿಲ್ಲ.

ಚಳಿಗಾಲದ ಹೊತ್ತಿಗೆ ಅಂಚೂ ಹೋಗುತ್ತದೆ ಅಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ಏನು ನೋಡಬೇಕು ಹೇಳು ಅಂದೆ. ಕೇಳಬಾರದಿತ್ತು. ಯೋಚನೆಯನ್ನೂ ಮಾಡಲಿಲ್ಲ ಪುಣ್ಯಾತ್ಮ.

"ಕೆಚಿಕನ್. ಹಡಗು ಒಳಗೆ ಹೋಗ್ತಾ ಇರೋವಾಗ, ಡೆಕ್ ಮೇಲಿಂದ."

ಅಲಾಸ್ಕಾ. ಸರಿ, ಹೋಗೋಣ ಅಂದೆ. ಇನ್ನೇನು ಅನ್ನಲಿ…

ಜೂನ್ ೧೫, ಶನಿವಾರ, ಸಂಜೆ

ಸಿಯಾಟಲ್ ಬಿಟ್ಟಾಯಿತು. ಕ್ಯಾಬಿನ್ ಚಿಕ್ಕದು, ಎಲ್ಡನ್ ಎರಡು ಸಲ ಬೀರುವಿಗೆ ಹಣೆ ಬಡಿದುಕೊಂಡ. ಊಟದ ಮೇಜಿನಲ್ಲಿ ನಮ್ಮ ಜೊತೆಗೆ ನೆಬ್ರಾಸ್ಕಾದ ಫ್ರೀಡಾ. ಗಂಡ ತೀರಿಕೊಂಡ ಮೇಲೆ ಇದು ಐದನೇ ಕ್ರೂಸ್ ಅಂತೆ. ಒಳ್ಳೆಯವಳು, ಬಾಯಿ ಮಾತ್ರ ನಿಲ್ಲುವುದಿಲ್ಲ. ಯಾಕೆ ಅಲಾಸ್ಕಾ ಅಂತ ಕೇಳಿದಳು. ಮನೆಯಲ್ಲಿ ಉಪ್ಪು ಕೊಡು ಅನ್ನುವುದಕ್ಕೂ ಸೋಮಾರಿತನ ಮಾಡುವವನು, ಅವಳಿಗೆ ಪುರಾಣವನ್ನೇ ಬಿಚ್ಚಿದ — ಹುಡುಗನಾಗಿದ್ದಾಗ ಎರಡು ಬೇಸಿಗೆ ಅಲ್ಲಿನ ಸಾಲ್ಮನ್ ಕಾರ್ಖಾನೆಯಲ್ಲಿ ಮೀನು ಸೀಳುವ ಕೆಲಸ, ಎಷ್ಟು ತೊಳೆದರೂ ಹೋಗದ ವಾಸನೆ, ಗುಡ್ಡಕ್ಕೆ ಹತ್ತುವ ಮರದ ಮೆಟ್ಟಿಲು. ಆ ಮೆಟ್ಟಿಲೇ ಅಲ್ಲಿ ಬೀದಿ ಅಂತೆ. ಎಲ್ಲ ಹೇಳಿದ. ಮೆಟ್ಟಿಲು ಯಾರ ಮನೆಗೆ ಹತ್ತುತ್ತಿದ್ದ ಅನ್ನುವುದೊಂದನ್ನು ಬಿಟ್ಟು.

ಮರ್ನಾ. ಹೆಸರು ನನಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಪಾತ್ರೆ ತೊಳೆಯುತ್ತಾ ಅವನ ಅಕ್ಕ ಡೋರಾ ಹೇಳಿದ್ದಳು. ಬಾ ಅಂದನಂತೆ, ಊರು ಬಿಟ್ಟು ಬರಲ್ಲ ಅಂದಳಂತೆ. ಇವನು ಕೆಳಗಿಳಿದು ಬಂದ, ಅದೇ ಚಳಿಗಾಲಕ್ಕೆ ನನ್ನನ್ನು ಮದುವೆಯಾದ. ಇಷ್ಟು ವರ್ಷದಲ್ಲಿ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಮಕ್ಕಳನ್ನು ಬೆಳೆಸಿದೆವು.

ಜೂನ್ ೧೬, ಭಾನುವಾರ, ಸಂಜೆ

ಇಡೀ ದಿನ ಬರೀ ನೀರು. ರಾತ್ರಿ ಊಟಕ್ಕೆ ಎಲ್ಲರೂ ಚೆಂದದ ಬಟ್ಟೆ ಹಾಕಿಕೊಂಡು ಬರಬೇಕಂತೆ. ನೀಲಿ ಉಡುಪು ಹಾಕಿದೆ. ಲಿಪ್‌ಸ್ಟಿಕ್ ಕೂಡ, ಈ ವಯಸ್ಸಿಗೆ. ಎದುರು ನಿಂತು ಹೇಗಿದ್ದೀನಿ ಅಂತ ಕೇಳಿದೆ.

ಚೆನ್ನಾಗಿದ್ದೀಯ ಅಂದ. ನೆಟ್ಟಗೆ ನನ್ನ ಮೂಗಿಗೆ ಕಣ್ಣಿಟ್ಟು ಅಂದ. ಮೂರರ ಕಡೆ ಒಂದಿಷ್ಟು ತಿರುಗುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಸಕ್ಕರೆ ಡಬ್ಬಿಗೆ ತಿರುಗುತ್ತಾನೆ!

ಹೊಟ್ಟೆ ಉರಿಯಿತು. ಸುಳ್ಳು ಯಾಕೆ, ಈ ಪುಸ್ತಕ ಓದುವವರು ಯಾರೂ ಇಲ್ಲ. ಮರ್ನಾಳ ಊರು ನೋಡಲಿ, ಬೇಡ ಅನ್ನಲ್ಲ. ಆದರೆ ಬೆಳಕು ಹೋಗುವ ಮುಂಚೆ ಒಂದೇ ಒಂದು ಸಲ ನನ್ನ ಕಡೆಗೂ ಸರಿಯಾಗಿ ನೋಡಲಿ. ಅಷ್ಟೇ ಬೇಕಾಗಿರುವುದು. ಬಾಯಿಬಿಟ್ಟು ಕೇಳಲಾರೆ. ಕೇಳಿ ಪಡೆದರೆ ಅದಕ್ಕೇನು ಬೆಲೆ…

ಜೂನ್ ೧೭, ಸೋಮವಾರ, ಮಧ್ಯಾಹ್ನ

ಬೇರೆಯವರೆಲ್ಲ ಊರು ಸುತ್ತಲು ಇಳಿದಿದ್ದಾರೆ. ಎಲ್ಡನ್ ಇಳಿಯಲಿಲ್ಲ. ನೋಡಿದ್ದಾಯಿತಲ್ಲ ಅಂದ. ಗೋಡೆಯ ಕಡೆ ತಿರುಗಿ ಮಲಗಿದ್ದಾನೆ, ನಿದ್ದೆ ಇಲ್ಲ.

ಬೆಳಿಗ್ಗೆ ಮುಂದಿನ ಡೆಕ್ ಕಿಕ್ಕಿರಿದಿತ್ತು. ಬೆಳಕು ಹರಿಯುವ ಮೊದಲೇ ಜನ ಕುರ್ಚಿಗಳ ಮೇಲೆ ಟವೆಲ್ ಹಾಸಿ ಜಾಗ ಹಿಡಿದಿದ್ದರು. ಫ್ರೀಡಾ ನಮಗೂ ಒಂದು ಹಾಸಿಟ್ಟಿದ್ದಳು. ಎಲ್ಡನ್‌ನನ್ನು ಅದರಲ್ಲಿ ಕೂರಿಸಿ, ಊರಿಗೆ ಬೆನ್ನು ಕೊಟ್ಟು ಅವನ ಎದುರು ಕಂಬಿಗೆ ಒರಗಿ ನಿಂತೆ. ಊರು ಬಲಗಡೆ ಅಂತ ಮೈಕಿನಲ್ಲಿ ಹೇಳಿದರು. ಎಲ್ಲರೂ ದಬದಬ ನಾವಿದ್ದ ಕಡೆಗೇ ನುಗ್ಗಿದರು. ಮಂಜು ಸರಿಯಿತು. ಕತ್ತು ತಿರುಗಿಸಿ ನೋಡಿದೆ. ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಕಟ್ಟಡಗಳು, ಹಿಂದೆ ಗುಡ್ಡಕ್ಕೆ ಹತ್ತಿಕೊಂಡ ಕೆಂಪು, ನೀಲಿ ಮನೆಗಳು. ಚೆಂದವೇ. ಚೆಂದವಿಲ್ಲ ಅಂತ ಬರೆಯೋಣವೆಂದರೆ ಕೈ ಬರುತ್ತಿಲ್ಲ.

ಎಲ್ಡನ್ ಒಂದಿಷ್ಟು ಹೊತ್ತು ಮುಖವನ್ನು ಅತ್ತಿತ್ತ ಆಡಿಸಿದ. ಆಮೇಲೆ ನನ್ನ ಕಡೆ ತಿರುಗಿಸಿ ನಿಲ್ಲಿಸಿದ. ನೆಟ್ಟಗೆ ನನ್ನ ಮೇಲೆ. ಕಣ್ಣಲ್ಲಿ ನೀರು. ಪಕ್ಕದಲ್ಲಿದ್ದ ಫ್ರೀಡಾಗೂ ಕಣ್ಣು ತುಂಬಿತು.

"ಇಂಥ ಊರು ಎದುರಿಗಿದ್ದಾಗ ನಮ್ಮನೆಯವ್ರು ನನ್ನ ಕಡೆ ತಿರುಗ್ತಿದ್ರಾ? ನೋಡಿ, ನಿಮ್ಮ ಯಜಮಾನ್ರು ನಿಮ್ಮ ಮುಖ ಬಿಟ್ಟು ಬೇರೇನೂ ನೋಡ್ತಿಲ್ಲ. ಪುಣ್ಯ ಮಾಡಿದೀರಿ ಕಣ್ರೀ."

ನಕ್ಕೆ. ಇನ್ನೇನು ಮಾಡಲಿ? ಗಡಿಯಾರದ ಪಾಠ ಅವಳಿಗೆಲ್ಲಿ ಗೊತ್ತು. ಗುಡ್ಡ ನನ್ನ ಹೆಗಲ ಪಕ್ಕದಲ್ಲೇ ಇತ್ತು. ಅದು ನಡುವೆ, ನಾನು ಮೂರರ ಅಂಕಿ.

ಯಾಕೆ ಹಾಗೆ ಮಾಡಿದೆನೋ. ಮೆಲ್ಲಗೆ ಪಕ್ಕಕ್ಕೆ ಸರಿದೆ. ಅವನ ನೋಟ ಕದಲಲಿಲ್ಲ. ಇನ್ನೂ ಸರಿದೆ. ಸುತ್ತು ಹಾಕಿ ಅವನ ಕುರ್ಚಿಯ ಹಿಂದಕ್ಕೇ ಬಂದುಬಿಟ್ಟೆ. ಅದೇ ಒದ್ದೆ ಮುಖ, ಅದೇ ನೋಟ, ಖಾಲಿ ಕಂಬಿಯ ಮೇಲೆ. ನಾನು ಹೋದದ್ದು ಅವನಿಗೆ ತಿಳಿಯಲೇ ಇಲ್ಲ. ಫ್ರೀಡಾ ನನ್ನನ್ನು ನೋಡಿದಳು, ಅವನನ್ನು ನೋಡಿದಳು. ತನ್ನ ದುರ್ಬೀನು ನನ್ನ ಕೈಗಿಟ್ಟು ಕಾಫಿ ತರಲು ಹೊರಟುಹೋದಳು.

ಎಲ್ಡನ್ ನನ್ನ ಹೆಸರು ಹಿಡಿದು ಕಂಬಿಗೆ ಹೇಳಿದ — "ಹಳದಿ ಕಾಣ್ತಿದೆ ರೋ. ಮೆಟ್ಟಿಲ ತುದೀಲಿ. ಇನ್ನೂ ಹಳದೀನೇ ಬಳೀತಾರೆ. ಹೊರಗೆ ಯಾರಾದ್ರೂ ನಿಂತಿದಾರಾ, ನೋಡು."

ಇಷ್ಟು ವರ್ಷಕ್ಕೆ ಮರ್ನಾಳ ಬಗ್ಗೆ ನನಗೆ ಹೇಳಿದ ಮೊದಲ ಮಾತು. ಅದೂ ನಾನಿಲ್ಲದ ಜಾಗಕ್ಕೆ.

ದುರ್ಬೀನು ಎತ್ತಿದೆ. ಹಳದಿ ಮನೆಯ ಜಗಲಿಯಲ್ಲಿ ಒಬ್ಬಳು ಮುದುಕಿ ನಿಂತಿದ್ದಳು. ಬಿಳಿ ಕೂದಲು, ಗಂಡಸರ ಸ್ವೆಟರು. ಹಡಗಿನ ಕಡೆ ಕೈ ಬೀಸುತ್ತಿದ್ದಳು. ಯಾವ ಹಡಗು ಬಂದರೂ ಬೀಸುವವಳೇ ಇರಬೇಕು, ಇವಳೇ ಅವಳು ಅಂತಲೂ ಹೇಳಲಾರೆ.

"ಯಾರೂ ಇಲ್ಲ," ಅಂದೆ.

ದನಿ ಹಿಂದಿನಿಂದ ಬಂದದ್ದಕ್ಕೆ ಬೆಚ್ಚಿದ. ಕುರ್ಚಿಯಲ್ಲೇ ಪೂರ್ತಿ ತಿರುಗಿ ನನ್ನನ್ನು ಹುಡುಕಿದ. ಆಮೇಲೆ ಮುಖವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ಕಣ್ಣನ್ನು ನನ್ನ ಕಿವಿಯಾಚೆ ಇಟ್ಟ. ಅಲ್ಲಿಂದ ಕದಲಿಸಲಿಲ್ಲ. ಮುಖದ ಒಂದೊಂದು ಗೆರೆಯನ್ನೂ ನಿಧಾನವಾಗಿ ನೋಡಿದ.

"ನಿಜ ಹೇಳು ರೋ," ಅಂದ.

ನಾನು ಆಗ ದುರ್ಬೀನು ಕೆಳಗಿಳಿಸಿ, ಅವನು ನೋಡುತ್ತಿರುವಂತೆಯೇ ಮತ್ತೆ ಅಂದೆ — "ಯಾರೂ ಇಲ್ಲ."