ಒಂದು ಮಹಾಪ್ರಾಣ

ಅಪ್ಪಾ,

ಇವತ್ತು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವಾಗ ಒಬ್ಬ ಹಿರಿಯ ಲೇಖಕರ ‘ಧೃಢ’ವನ್ನು ‘ದೃಢ’ ಎಂದು ತಿದ್ದಿದೆ.

“ದೊಡ್ಡವರ ಬರಹಕ್ಕೇ ಕೈ ಹಾಕಿದ್ದೀಯಲ್ಲಮ್ಮಾ, ಖಾತ್ರಿನಾ?” ಅಂದರು ಮ್ಯಾನೇಜರ್.

ಕೈ ನಿಘಂಟಿನ ಕಡೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. “ಖಾತ್ರಿ ಸಾರ್, ಅಚ್ಚಿಗೆ ಕಳಿಸಿ.”

ನಾಲ್ಕನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ನಾನು ಬರೆದದ್ದೂ ‘ದೃಢ’ವೇ. ನೀವು ಅದನ್ನು ಅಳಿಸಿ ‘ಧೃಢ’ ಮಾಡಿ, “ಮೇಷ್ಟರ ಮಗಳಂತೆ ಇವಳು!” ಅಂದಿರಿ. ಇಡೀ ಕ್ಲಾಸು ನಕ್ಕಿತು. ಅಂದಿನಿಂದ ನನ್ನ ಹೆಸರು ಬರೆಯುವಾಗಲೂ ಅನುಮಾನ. ಎಂ.ಎ. ಮುಗಿದರೂ ಅದು ಹೋಗಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. “ಅವತ್ತು ಸಂಜೆಯೇ ನಿಘಂಟು ತೆಗೆದು ನೋಡಿದ್ರು ಕಣೇ,” ಅಂದಳು. “ತಪ್ಪು ನಂದೇ ಅಂತ ಊಟಾನೂ ಮಾಡಲಿಲ್ಲ.”

ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ನೀವು ಸಾಯುವವರೆಗೆ, ಹನ್ನೆರಡು ವರ್ಷ, ಅಲ್ಲೇ ಇದ್ದೆ.