ಹೊಳಿಗೆ ಹೋದ ಹತ್ತು ಎತ್ತು

26 ಜೂನ್ 2025, ಗುರುವಾರ, ಜುಗೂಳ

ಉಗುರಿನ ಸಂದ್ಯಾಗ ಇನ್ನೂ ಮಣ್ಣು ಐತಿ. ಎತ್ತು ಮಾತ್ರ ಒಂದೂ ಉಳಿದಿಲ್ಲ.

ಎರಡನೇ ಕ್ಲಾಸಿನ ಮಕ್ಕಳಿಗೆ ಎಣಿಕಿ ಕಲಿಸಾಕಂತ ಎರಿಮಣ್ಣಿಲೆ ಹತ್ತು ಎತ್ತು ಮಾಡಿ, ಶಾಲಿ ಕಿಡಕ್ಯಾಗ ಒಣಗಾಕ ಇಟ್ಟಿದ್ದೆ. ನಿನ್ನೆ ಮಣ್ಣೆತ್ತಿನ ಅಮಾಸಿ. ನಾ ಮೀಟಿಂಗಿಗೆ ಕಾಗವಾಡಕ್ಕ ಹೋದಾಗ ಹುಡುಗ್ರು ಅವಕ್ಕ ಅರಿಷಿಣ-ಕುಂಕುಮ ಹಚ್ಚಿ ಪೂಜಿ ಮಾಡಿಬಿಟ್ಟಾರ. ಇವತ್ತ ಮುಂಜಾನೆ ನನ್ನ ಕ್ಲಾಸಿನ ಸ್ನೇಹಲಳ ಅಜ್ಜ ಧರೆಪ್ಪ ಎಲ್ಲಾ ಹೊಳಿಗೆ ಬಿಟ್ಟು ಬಂದಾರ. “ಪೂಜಿ ಆದ ಎತ್ತು ಇಟ್ಕೋಬಾರದ್ರಿ ಅಕ್ಕೋರ,” ಅಂದ್ರು. ಹಿರೇರಿಗೆ ಬೈಯಾಕ ಬರೂದಿಲ್ಲ.

ಸಿಟ್ಟು ತೀರಿಸಿಕೊಂಡದ್ದು ಸ್ನೇಹಲಳ ಮ್ಯಾಲ. ಹೋದ ವರ್ಷೆಲ್ಲಾ ಐದರ ಮುಂದ ಎಣಿಸದ ಕೂಸು. ಓಡಿ ಬಂದು, “ನಾನ ಎಣಿಸಿ ಅಜ್ಜನ ಕೈಯಾಗ ಕೊಟ್ಟೀನ್ರಿ ಅಕ್ಕೋರ! ಒಂದು, ಎರಡು, ಮೂರು...” ಅಂತ ಹತ್ತರ ತನಕ ಹೇಳಿತು. ನನ್ನ ಕಿವಿಗೆ ಅದು ಬೀಳಲೇ ಇಲ್ಲ. “ಯಾರು ಮುಟ್ಟಂದ್ರು ನಿನಗ?” ಅಂತ ಎಲ್ಲರ ಮುಂದ ಒದರಿದೆ.

ಆಮ್ಯಾಲೆ ತಿಳೀತು, ಹತ್ತರ ತನಕ ಎಣಿಸಿತ್ತಲ್ಲ ಅಂತ.

ಎತ್ತು ಮತ್ತ ಮಾಡಬಹುದು. ಮಧ್ಯಾಹ್ನ ಹುಣಸಿಬೀಜ ಸ್ನೇಹಲಳ ಮುಂದ ಹರವಿ, “ಎಣಿಸವ್ವಾ,” ಅಂದೆ. ಕೈ ಎರಡೂ ಬೆನ್ನ ಹಿಂದ ಬಚ್ಚಿಟ್ಕೊಂಡು ನಿಂತಿತು. ಒಂದು ಬೀಜ ಸೈತ ಮುಟ್ಟಲಿಲ್ಲ.