ಮೊಂಡಾಗದ ಕೊಡ್ಲಿ

ಮಕ್ತುಮ,

ನೀ ತೀರಿಕೊಂಡು ವರ್ಷಾತು. ಈ ಕಾಗದ ಯಾರ ಕೈಗೂ ಕೊಡೂದಿಲ್ಲ, ಆದರೂ ನಿನಗ ಹೇಳದ ಇರಾಕ ಆಗವಲ್ದು.

ನಿನ್ನೆ ನಿನ್ನ ಮಗಳು ಶಗುಫ್ತಾ ನಮ್ಮ ಕೊಡ್ಲಿ ಕೇಳಿ ಒಯ್ದಿದ್ದಳು. ಇವತ್ತು ಮುಂಜಾನೆ ಕಟ್ಟಿ ಮ್ಯಾಲ ಇಟ್ಟು ಹೋದಳು. ನೋಡಿದರ ಅಲಗು ಫಳಫಳ ಹೊಳೀತಿತ್ತು. ನನಗ ಸಂಶೇ ಬಂತು. ಎರವಲು ಒಯ್ದ ಕೊಡ್ಲಿ ಮೊಂಡಾಗಿ ಬರತೈತಿ, ಹರಿತಾಗಿ ಯಾಕ ಬಂತು? ಏನೋ ಕಡದಾರ, ಗುರುತು ಸಿಗಬಾರದಂತ ಮಸದಿಟ್ಟಾರ ಅಂದ್ಕೊಂಡೆ. ಚಾ ಸುದ್ದಾ ಕುಡೀದ ಹೊಲಕ್ಕ ಓಡಿದೆ. ನಮ್ಮಿಬ್ಬರ ಮಾತು ಬಿಡಿಸಿದ ಆ ಬದುವಿನ ಜಾಲಿಗಿಡ ಹಂಗ ನಿಂತಿತ್ತು. ಸುತ್ತ ತಿರುಗಿ ನೋಡಿದೆ, ಒಂದು ಟೊಂಗಿನೂ ಹೋಗಿದ್ದಿಲ್ಲ.

ಆದರೂ ಸಮಾಧಾನ ಆಗಲಿಲ್ಲ. ನಿಮ್ಮ ಬಾಗಲಕ್ಕ ಹೋಗಿ ಕೇಳಿದೆ, "ಏನ ಕಡದಿ ಬೇ?"

"ಒಲಿಗೆ ನಾಕ ಕಟಗಿ, ಕಾಕಾ. ಮಸಿಯೂದ್ರಾಗ ಹೊತ್ತು ಹೋತು. ಅದರಲೆ ಬೆಣ್ಣಿನೂ ಕೊಯ್ಯಾಕ ಬರತಿದ್ದಿಲ್ಲ" ಅಂತ ನಕ್ಕಳು. "ನಿಮ್ಮ ಜಗಳ ಆಗೂತನಕ, ನೀವು ಮಧ್ಯಾಹ್ನ ಹೊಲದಾಗ ಮಲಗಿದಾಗ ಅಬ್ಬಾನ ಮಸದಿಡತಿದ್ರಲ್ರಿ. ಗೊತ್ತಿದ್ದಿಲ್ಲೇನ್ರಿ?"

"ಗೊತ್ತಿತ್ತವಾ" ಅಂದೆ.

ನಮ್ಮಪ್ಪನ ಕೊಡ್ಲಿ ಉಕ್ಕ ಅಂಥಾದ್ದು, ಮಸಿಯೂದ ಬೇಕಾಗಿಲ್ಲ ಅಂತ ಸಂತ್ಯಾಗ ಮಂದಿ ಮುಂದ ಹೇಳತಿದ್ದೆ. ನೀ ಬಾಜೂಕ ನಿಂತು ಹೌದಂತಿದ್ದಿ. ಮಾತು ಬಿಟ್ಟಮ್ಯಾಲ ಅದು ಮೊಂಡಾದಾಗ, ನೀನ ಏನೋ ಮಾಟ ಮಾಡಿಸಿದಿ ಅಂದ್ಕೊಂಡಿದ್ದೆ.

ಈ ಅಲಗೂ ಒಂದಿನ ಹೋಗತೈತಿ. ಸಾಣಿಕಲ್ಲಿಗೆ ನೀರ ಹಾಕಬೇಕೋ ಎಣ್ಣಿ ಹಾಕಬೇಕೋ, ನನಗ ತಿಳೀದು. ಶಗುಫ್ತಾನ್ನ ಕೇಳಾಕೂ ಬರೂದಿಲ್ಲ. ಗೊತ್ತಿತ್ತು ಅಂದಬಿಟ್ಟೀನಿ.

ಹೊಳಬಸ್ಯಾ